ಎಲ್ಲರೂ ಮೆಚ್ಚಿದ ಮದುವೆ ಕಾರ್ಡು

ಮುಲೂಖಿಯಾ ಸೊಪ್ಪು ಕೊಚ್ಚುವಾಗ ನಾಹಿದಳನ್ನು ಮಾತಾಡಿಸಬಾರದು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ಸರಿಯಾಗಿ ಆ ಹೊತ್ತಿಗೇ ಅಡಿಗೆಮನೆಗೆ ಬರುತ್ತಿದ್ದರು. ಎರಡು ಹಿಡಿಯ ಬಾಗುಕತ್ತಿಯನ್ನು ಹಲಗೆಯ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತ ಅವಳು ನಿಂತಿದ್ದಾಗ ಮೊದಲು ಅತ್ತೆ ಇನ್ಸಾಫ್ ಬಂದು, ಬೆಳ್ಳುಳ್ಳಿ ಸಾಲದು ಅಂದರು. ಆಮೇಲೆ ದೊಡ್ಡ ಮಗಳು ಶಾಹಿಂದಾ ಬಂದು, ಮದುವೆ ಉಡುಪಿನ ದರ್ಜಿ ಮತ್ತೆ ಫೋನು ಎತ್ತುತ್ತಿಲ್ಲ ಅಂದಳು. ಕೊನೆಗೆ ಗಂಡ ವಗ್ದಿ ಬಂದು ಬಾಗಿಲಿಗೆ ಒರಗಿ ನಿಂತ.

"ಚಿಕ್ಕವಳ ಶಾಲೆಗೆ ಯಾಕೆ ಕರೆಸಿದ್ರು?"

"ಊಟ ಆಗ್ಲಿ, ಹೇಳ್ತೀನಿ."

"ಏನು ಅಂಥ ದೊಡ್ಡ ವಿಷ್ಯ?"

"ದೊಡ್ಡದೇನಲ್ಲ. ನೀನು ದೊಡ್ಡದು ಮಾಡ್ತೀಯ, ಅದಕ್ಕೇ ಊಟ ಆಗ್ಲಿ ಅಂದೆ."

ವಗ್ದಿ ಕದಲಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಜನರ ದೂರು ಕೇಳಿದವನು. ಕಾಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ನಾಹಿದ್ ಕತ್ತಿ ಕೆಳಗಿಟ್ಟಳು.

"ಲುಗೈನ್‌ಗೆ ಓದಿನ ತೊಡಕಿದೆಯಂತೆ. ಡಿಸ್ಲೆಕ್ಸಿಯಾ ಅಂತಾರಂತೆ. ಬುದ್ಧಿಗೇನೂ ಆಗಿಲ್ಲ. ಅಕ್ಷರ ಒತ್ತೊತ್ತಾಗಿದ್ರೆ ಅವಳ ಕಣ್ಣಿಗೆ ಸಾಲು ನಿಲ್ಲಲ್ವಂತೆ. ಪರೀಕ್ಷೆಗೆ ಅವಳಿಗೆ ಬೇರೆ ಪ್ರಶ್ನೆಪತ್ರಿಕೆ ಕೊಡ್ತಾರಂತೆ, ಅಕ್ಷರ ದೊಡ್ಡದು ಮಾಡಿ, ಸಾಲುಗಳ ಮಧ್ಯೆ ಜಾಗ ಬಿಟ್ಟು. ಹೊತ್ತೂ ಸ್ವಲ್ಪ ಜಾಸ್ತಿ ಕೊಡ್ತಾರಂತೆ. ಅಪ್ಪನೇ ಖುದ್ದು ಬಂದು ಸಹಿ ಹಾಕ್ಬೇಕು. ಏಪ್ರಿಲ್ ಮುಗಿಯೋದ್ರೊಳಗೆ."

"ಅಂದ್ರೆ ವಿಶೇಷ ಮಕ್ಕಳ ಪಟ್ಟಿಗೆ ಸೇರಿಸ್ತಾರೆ ಅನ್ನು."

"ಪ್ರಶ್ನೆಪತ್ರಿಕೆ ದೊಡ್ಡದು ಮಾಡ್ತಾರೆ ಅಂದೆ."

"ಆ ಶಾಲೆ ಆಫೀಸಲ್ಲಿ ಕೂತಿರೋದು ಯಾರು? ಸುಹೈರ್ ಬೀಗಿತ್ತಿಯ ತಂಗಿ! ನಾನು ಬೆಳಿಗ್ಗೆ ಸಹಿ ಹಾಕಿದ್ರೆ ಮಧ್ಯಾಹ್ನದ ಚಹಾ ಹೊತ್ತಿಗೆ ಬೀಗರ ಮನೇಲಿ ಸುದ್ದಿ. ಜೂನ್‌ನಲ್ಲಿ ಮದುವೆ ಇಟ್ಕೊಂಡು ಶಾಹಿಂದಾಳ ತಂಗಿ ಮಂದಬುದ್ಧಿ ಅನ್ನಿಸ್ಕೊಬೇಕಾ?"

"ಹೋದ ವರ್ಷ ಅರಬ್ಬಿಯಲ್ಲಿ ಫೇಲಾಗಿ, ಬೇಸಿಗೆಯೆಲ್ಲ ಅತ್ತು, ಎರಡನೇ ಸಲ ಬರೆದು ಪಾಸಾದಳು. ಈ ಸಲ ಎರಡನೇ ಸಲವೂ ಕೈಕೊಟ್ರೆ ತನಗಿಂತ ಚಿಕ್ಕವರ ಜೊತೆ ಮತ್ತೆ ನಾಲ್ಕನೇ ಕ್ಲಾಸಲ್ಲಿ ಕೂರ್ಬೇಕು. ಆಗ ಯಾರ ತಂಗಿಗೆ ಏನಂತಾರೆ?"

"ಓದ್ಸು! ಮನೇಲಿ ಕೂತು ಓದ್ಸು! ಟ್ಯೂಷನ್‌ಗೆ ದುಡ್ಡು ಕೊಡ್ತಿಲ್ವಾ?"

ಅತ್ತೆ ಕೋಣೆಯಿಂದ ಕೂಗಿದರು: "ಬಡಗಿ ಮನೆ ಬಾಗಿಲು ಮುರುಕು ಅಂತ ಸುಮ್ನೆ ಹೇಳ್ತಾರಾ? ದಿನವಿಡೀ ಅಕ್ಷರದ ಕೆಲಸ ಮಾಡೋಳ ಮಗಳಿಗೆ ಅಕ್ಷರ ಹತ್ತಲ್ಲ!"

ನಾಹಿದ್ ಕೊಚ್ಚಿದ ಸೊಪ್ಪನ್ನು ಪಾತ್ರೆಗೆ ಹಾಕಿದಳು. ಕುದಿಯುವ ಸೊಪ್ಪಿನ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಸುರಿದಳು. ಒಗ್ಗರಣೆ ಬೀಳುವ ಕ್ಷಣ ಅಡಿಗೆ ಮಾಡುವವಳು 'ಹಾ!' ಎಂದು ಉಸಿರೆಳೆಯಬೇಕು, ಇಲ್ಲದಿದ್ದರೆ ಸೊಪ್ಪು ತಳಕ್ಕಿಳಿದು ರುಚಿ ಕೆಡುತ್ತದೆ ಎಂಬುದು ಅತ್ತೆಯ ನಂಬಿಕೆ. ನಾಹಿದ್ ಮದುವೆಯಾಗಿ ಬಂದಾಗಿನಿಂದ ಎಳೆದಿರಲಿಲ್ಲ.

"ಎಳೆದ್ಯಾ?" ಅತ್ತೆ ಕೇಳಿದರು.

"ಇಲ್ಲ."

"ಅದಕ್ಕೇ ಈ ಮನೆ ಹೀಗಿದೆ."

*

ನಾಹಿದ್ ಕೆಲಸ ಮಾಡುತ್ತಿದ್ದುದು ನಬಿ ದಾನಿಯಾಲ್ ಬೀದಿಯ ಪುಸ್ತಕದಂಗಡಿಗಳ ಹಿಂದಿನ ಒಂದು ಪುಟ್ಟ ಪ್ರಕಾಶನದಲ್ಲಿ. ಶಾಲೆ ಮಕ್ಕಳ ಗೈಡುಗಳನ್ನು ಅವರು ಅಚ್ಚು ಹಾಕುತ್ತಿದ್ದರು. ಪುಟ ಜೋಡಿಸುವುದು ಅವಳ ಕೆಲಸ. ಕಾಗದದ ಬೆಲೆ ಏರಿದಷ್ಟೂ ಅವಳ ಸಾಲುಗಳು ಹತ್ತಿರವಾಗುತ್ತಿದ್ದವು. "ಇನ್ನೆರಡು ಸಾಲು ಹಿಡಿಸಮ್ಮ, ಪುಟ ಉಳಿಯುತ್ತೆ," ಎಂದು ಮಾಲೀಕರು ಬೆನ್ನ ಹಿಂದೆ ನಿಂತು ಹೇಳಿದರೆ, ಅವಳು ಹಿಡಿಸುತ್ತಿದ್ದಳು. ಬಸ್ಸಿನಲ್ಲಿ ಇನ್ನಿಬ್ಬರಿಗೆ ಜಾಗ ಮಾಡಿದ ಹಾಗೆ. ಲುಗೈನ್ ಯಾವ ಗೈಡಿನ ಮುಂದೆ ಕೂತು ಪ್ರತಿ ಸಂಜೆ ಕಣ್ಣೀರು ಹಾಕುತ್ತಿದ್ದಳೋ, ಅದನ್ನು ಜೋಡಿಸಿದ್ದೂ ಇವಳೇ.

ಆ ವಾರ ಅವಳು ಮಧ್ಯಾಹ್ನದ ಬಿಡುವಿನಲ್ಲಿ ಮಗಳ ಪಾಠವೊಂದನ್ನು ಬೇರೆಯಾಗಿ ಜೋಡಿಸಿದಳು. ಅರಬ್ಬಿಯವು ಒಂದಕ್ಕೊಂದು ಕೈಹಿಡಿದು ನಡೆಯುವ ಅಕ್ಷರಗಳು ತಾನೇ, ಕೈಗಳನ್ನು ಉದ್ದ ಎಳೆದರೆ ನಡುವೆ ಜಾಗ ಬರುತ್ತದೆ ಎಂದುಕೊಂಡು ಎಳೆದಳು. ಸಂಜೆ ಊಟದ ಮೇಜಿನ ಮೇಲೆ ಹಾಳೆ ಹಾಸಿದಳು.

"ಹೇಗಿದೆ?"

ಲುಗೈನ್ ತಲೆ ಓರೆ ಮಾಡಿ ನೋಡಿದಳು. "ಚೂಯಿಂಗ್ ಗಮ್ ಎಳೆದ ಹಾಗಿದೆ."

ಮಾರನೇ ದಿನ ಮತ್ತೊಂದು ಹಾಳೆ. ಒಂದೊಂದು ಅಕ್ಷರದ ಮೇಲೂ ಕೆಳಗೂ ಸ್ವರಚಿಹ್ನೆಗಳನ್ನೆಲ್ಲ ತಪ್ಪದೆ ಕೂರಿಸಿದ್ದಳು. ಟ್ಯೂಷನ್ನಿನ ಮಿಸ್ಟರ್ ಇಸಾಮ್ ಹೇಳಿಕೊಟ್ಟದ್ದು. ಚಿಹ್ನೆ ಜಾಸ್ತಿ ಇದ್ದಷ್ಟೂ ಮಗುವಿಗೆ ಸಹಾಯ ಅಂತ.

"ಅಮ್ಮ, ಇದಕ್ಕೆ ಇರುವೆ ಮುತ್ತಿದೆ. ಇರುವೆ ಓದ್ಲಾ, ಅಕ್ಷರ ಓದ್ಲಾ?"

"ನೆಟ್ಟಗೆ ಕೂತು ಓದು, ಹಾಸ್ಯ ಮಾಡ್ಬೇಡ!"

ಲುಗೈನ್ ಬೆರಳಿಟ್ಟು ಮೊದಲ ಸಾಲು ಓದಿದಳು. ಎರಡನೆಯದಕ್ಕೆ ಹೋಗಬೇಕಾದವಳು ನಾಲ್ಕನೆಯದಕ್ಕೆ ಹೋದಳು. ಅಲ್ಲಿಂದ ವಾಪಸು ಮೊದಲನೆಯದಕ್ಕೆ. ಒಲೆಯ ಮೇಲೆ ಬೇಳೆ ಉಕ್ಕಿತು. ಅವಳು ಮಗಳ ಮೇಲೆ ರೇಗಿದಳು, ಆಮೇಲೆ ಬೇಳೆಯ ಮೇಲೆ, ಆಮೇಲೆ ನೀರು ಕೇಳಲು ಬಂದ ವಗ್ದಿಯ ಮೇಲೆ.

ಹಾಳೆಗಳನ್ನು ನೋಡಿ ನಕ್ಕವಳು ರಘ್ದಾ. ಪ್ರಕಾಶನದಲ್ಲಿ ಮುಖಪುಟ ಮಾಡುವ ಹುಡುಗಿ, ನಾಹಿದಳನ್ನು ಅಬ್ಲಾ, ಅಂದರೆ ಅಕ್ಕ, ಎಂದೇ ಕರೆಯುವವಳು. ಬಿಡುವಾದಾಗೆಲ್ಲ ಮಕ್ಕಳಿಗಾಗಿ ಒಂದು ಅಚ್ಚಿನ ಅಕ್ಷರವನ್ನು ತಾನೇ ಬರೆಯುತ್ತಿದ್ದಳು. ಎರಡು ವರ್ಷವಾದರೂ ಮುಗಿದಿರಲಿಲ್ಲ. ಮಾಲೀಕರು ಅದನ್ನು 'ರಘ್ದಾಳ ದಪ್ಪಕ್ಷರ' ಎಂದು ಕರೆದು ಸುಮ್ಮನಾಗಿದ್ದರು.

"ಅಬ್ಲಾ ನಾಹಿದ್, ನೀವು ಅಕ್ಷರದ ಹೊಟ್ಟೆ ಎಳೀತಿದ್ದೀರ. ಮಗು ಹುಡುಕ್ತಿರೋದು ಚುಕ್ಕೆನ," ಅಂದಳು. "ಒಂದೇ ಬಟ್ಟಲು ನೋಡಿ. ಕೆಳಗೆ ಒಂದು ಚುಕ್ಕೆ ಇಟ್ರೆ ಒಂದಕ್ಷರ, ಮೇಲೆ ಎರಡಿಟ್ರೆ ಇನ್ನೊಂದು, ಮೂರಿಟ್ರೆ ಮತ್ತೊಂದು. ನಮ್ಮ ಪುಸ್ತಕದಲ್ಲಿ ಆ ಮೂರೂ ಚುಕ್ಕೆ ಅಂಟ್ಕೊಂಡು ಒಂದು ಕಲೆ ಆಗಿರುತ್ತೆ. ಮೇಲಿನ ಸಾಲಿನ ಬಾಲ ಬೇರೆ ಬಂದು ಅದರ ಮೇಲೆ ಕೂರುತ್ತೆ."

ಅವಳು ತನ್ನ ಅಕ್ಷರದಲ್ಲಿ ಅದೇ ಪಾಠ ಹಾಕಿಕೊಟ್ಟಳು. ಚುಕ್ಕೆಗಳು ದಪ್ಪಗೆ, ಒಂದರಿಂದೊಂದು ದೂರ. ಪದದಿಂದ ಪದಕ್ಕೆ ಬೆರಳಗಲ ಜಾಗ. ಸಾಲುಗಳ ನಡುವೆ ಇನ್ನೊಂದು ಸಾಲು ಹಿಡಿಯುವಷ್ಟು ಬಿಳಿ. ಚಿಹ್ನೆಗಳು ಬೇಕಾದ ಕಡೆ ಮಾತ್ರ.

"ಇದು ಔಷಧಿ ಅಲ್ಲ ಅಬ್ಲಾ, ಮೊದಲೇ ಹೇಳ್ತೀನಿ. ಕೆಲವು ಮಕ್ಕಳಿಗೆ ಸ್ವಲ್ಪ ಸಲೀಸಾಗುತ್ತೆ. ಅಷ್ಟೇ."

ಅವತ್ತು ಸಂಜೆ ಲುಗೈನ್ ಅಜ್ಜಿಯ ಮಂಚದ ಮೇಲೆ ಕೂತು ಓದಿದಳು. ನಿಧಾನ, ತಡವರಿಸುತ್ತ, ಆದರೆ ಸಾಲು ತಪ್ಪದೆ. ಕತ್ತೆಯೊಂದು ಸಂತೆಗೆ ಹೋದ ಕಥೆ. ಅತ್ತೆಗೆ ಓದು ಬರುತ್ತಿರಲಿಲ್ಲ, ಕೇಳುವುದು ಬರುತ್ತಿತ್ತು.

"ಆಮೇಲೆ?" ಅಂದರು ಅವರು.

"ಆಮೇಲೆ... ಕತ್ತೆ... ಕೂತುಬಿಡ್ತು."

"ಮಾಲೀಕ ಏನು ಮಾಡ್ದ?"

"ತಡಿ ತೇತಾ, ಇನ್ನೂ ಓದಿಲ್ಲ!"

"ನಿಮ್ಮಪ್ಪನ ಹಾಗೆ ಮಾಡಿರ್ತಾನೆ. ಬಾಗಿಲಿಗೆ ಒರಗಿ ನಿಂತಿರ್ತಾನೆ."

ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನಾಹಿದ್ ನಲ್ಲಿ ನಿಲ್ಲಿಸಿ ಕೇಳಿಸಿಕೊಂಡಳು.

ಅವಳು ಅದೇ ಹಾಳೆ ಹಿಡಿದು ವಗ್ದಿಯ ಮುಂದೆ ಹೋದಳು. ಅವನು ಟಿವಿಯಿಂದ ಕಣ್ಣು ತೆಗೆಯದೆ, "ನೋಡಿದ್ಯಾ, ಓದೋಕೆ ಬರುತ್ತೆ. ಮತ್ಯಾಕೆ ಸಹಿ?" ಅಂದ.

"ಪರೀಕ್ಷೆಯ ಪತ್ರಿಕೆ ಹೀಗಿರಲ್ಲ ವಗ್ದಿ!"

"ಹಾಗಾದ್ರೆ ಅದನ್ನೂ ಅಭ್ಯಾಸ ಮಾಡ್ಸು."

ನಾಹಿದ್ ಹಾಳೆಯನ್ನು ನಾಲ್ಕಾಗಿ ಮಡಿಸಿದಳು. ಮಡಿಸದಿದ್ದರೆ ಹರಿಯುತ್ತಿದ್ದಳು.

ಶಾಹಿಂದಾ ಇನ್ನೂ ನೇರವಾಗಿ ಹೇಳಿದಳು. ಒಣಗಿದ ಬಟ್ಟೆ ತೆಗೆಯಲು ಇಬ್ಬರೂ ಬಾಲ್ಕನಿಯಲ್ಲಿ ನಿಂತಿದ್ದರು. ಕೆಳಗೆ ಟ್ರಾಮು ಕಿರುಗುಟ್ಟುತ್ತ ಹೋಗುತ್ತಿತ್ತು.

"ನನ್ನ ಮದುವೆ ಆಗೋವರೆಗೂ ತಡಿಯೋಕಾಗಲ್ವಾ ಅಮ್ಮ?"

"ಪರೀಕ್ಷೆ ಮೇ ತಿಂಗಳಲ್ಲಿ. ನಿನ್ನ ಮದುವೆ ಜೂನ್‌ನಲ್ಲಿ. ಪರೀಕ್ಷೆನ ಮುಂದೂಡಿ ಅಂತ ಮಂತ್ರಿಗೆ ಹೇಳ್ಲಾ?"

"ತಾಂತ್ ಸುಹೈರ್ ಎಂಥ ಅತ್ತೆ ಅಂತ ನಿನಗೆ ಗೊತ್ತಿಲ್ಲ. ಪರದೆ ಬಣ್ಣಕ್ಕೆ ಮೂರು ದಿನ ಮಾತು ಬಿಟ್ಟಿದ್ರು."

"ಅಂಥ ಮನೆಗೆ ಯಾಕೆ ಹೋಗ್ತಿದ್ದೀಯ?"

"ನಾನು ಶಿಹಾಬ್‌ನ ಮದುವೆ ಆಗ್ತಿದ್ದೀನಿ, ಪರದೆನಲ್ಲ!" ಎಂದು ಶಾಹಿಂದಾ ಬಟ್ಟೆಯ ಬುಟ್ಟಿ ಕುಕ್ಕಿ ಒಳಗೆ ಹೋದಳು. ಕ್ಲಿಪ್ಪುಗಳೆಲ್ಲ ಚೆಲ್ಲಿದವು. ಆರಿಸಿದವಳು ನಾಹಿದ್.

*

ವಸಂತದ ಶಮ್ಮುನ್ನಸೀಮ್ ಹಬ್ಬದ ದಿನ ಬೀಗರು ಊಟಕ್ಕೆ ಬಂದರು. ಉಪ್ಪುಮೀನಿನ ನಾತ ಬೆಳಿಗ್ಗೆಯಿಂದಲೇ ಮೆಟ್ಟಿಲವರೆಗೂ ಹರಡಿತ್ತು. ಹಸಿ ಈರುಳ್ಳಿ, ಬಣ್ಣ ಹಾಕಿದ ಮೊಟ್ಟೆ, ನಿಂಬೆ, ರೊಟ್ಟಿ. ಸುಹೈರ್ ಮೇಡಮ್ ತಾವು ಉಪ್ಪುಮೀನು ಮುಟ್ಟುವುದಿಲ್ಲ ಎಂದು ಹೇಳಿ, ಹೊಗೆ ಹಾಕಿದ ಹೆರಿಂಗ್ ಮೀನನ್ನು ಮುಂದೆ ಎಳೆದುಕೊಂಡು ಕೂದಲೆಳೆಯಂಥ ಮುಳ್ಳುಗಳನ್ನು ಒಂದೊಂದಾಗಿ ತೆಗೆದರು.

ಊಟದ ಮೇಲೆ ವಗ್ದಿ ಕೈ ಎರಡು ಸಲ ತೊಳೆದು ಬಂದು, ಅಂಗಿಯ ಜೇಬಿನಿಂದ ಮದುವೆ ಕಾರ್ಡಿನ ಕರಡನ್ನು ತೆಗೆದ. ಕೆನೆ ಬಣ್ಣದ ದಪ್ಪ ಕಾಗದ; ಅದರ ಮೇಲೆ ಚಿನ್ನದ ಬಣ್ಣದಲ್ಲಿ ದರ್ಬಾರು ಶೈಲಿಯ ಅಕ್ಷರ. ಒಂದರ ಮಡಿಲಲ್ಲಿ ಇನ್ನೊಂದು, ಇನ್ನೊಂದರ ಹೆಗಲ ಮೇಲೆ ಮತ್ತೊಂದು, ಇಡೀ ಒಕ್ಕಣೆ ಹಾಯಿ ಬಿಚ್ಚಿದ ದೋಣಿಯ ಹಾಗೆ ಬಾಗಿತ್ತು.

"ಮಾಶಾಅಲ್ಲಾ," ಅಂದರು ಸುಹೈರ್ ಮೇಡಮ್, ಕಾರ್ಡನ್ನು ದೂರ ಹಿಡಿದು. "ಇದು ಕಾರ್ಡು ಅಂದ್ರೆ! ನಮ್ಮ ಅಣ್ಣನ ಮಗಳದು ಇತ್ತು, ಔಷಧಿ ಅಂಗಡಿ ಚೀಟಿ ಹಾಗೆ."

ಕಾರ್ಡು ಕೈಯಿಂದ ಕೈಗೆ ಹೋಯಿತು. ಶಿಹಾಬ್ "ತುಂಬಾ ಗ್ರಾಂಡಾಗಿದೆ" ಅಂದ. ಶಾಹಿಂದಾ ಫೋಟೊ ತೆಗೆದಳು. ಅತ್ತೆ ಅದಕ್ಕೆ ಮುತ್ತಿಟ್ಟರು. ನಾಹಿದ್ ಅಂಚಿನ ಜಾಗ ಎರಡೂ ಕಡೆ ಸಮನಾಗಿದೆಯೇ ನೋಡಿದಳು, ಚಿನ್ನದ ಬಣ್ಣ ಕೈಗೆ ಹತ್ತುತ್ತದೆಯೇ ಎಂದು ಉಜ್ಜಿ ನೋಡಿದಳು, ಚೆನ್ನಾಗಿದೆ ಅಂದಳು.

ವಗ್ದಿ ಹಿಗ್ಗಿದ. ಹಿಗ್ಗಿದಾಗಲೆಲ್ಲ ಅವನು ಅತಿ ಮಾಡುತ್ತಿದ್ದ. "ಲುಗೈನ್, ಬಾ ಇಲ್ಲಿ. ತಾಂತ್ ಸುಹೈರ್‌ಗೆ ಕಾರ್ಡು ಓದಿ ಹೇಳು."

ನಾಹಿದ್ ಮಧ್ಯೆ ಬಂದಳು. "ಬಿಡು ವಗ್ದಿ, ಅವಳ ಕೈಯೆಲ್ಲ ಮೀನು."

"ಕಣ್ಣಲ್ಲಿ ಓದ್ತಾಳೆ, ಕೈಯಲ್ಲಲ್ಲ."

ಲುಗೈನ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಪ್ಪನ ಕೈಯಲ್ಲಿದ್ದ ಕಾರ್ಡಿನ ಮೇಲೆ ಬಾಗಿದಳು. ಬಹಳ ಹೊತ್ತು ನೋಡಿದಳು.

"ನಂಗೆ ಓದೋಕಾಗಲ್ಲ," ಅಂದಳು. "ಅಕ್ಷರಗಳೆಲ್ಲ ಒಂದರ ಮೇಲೊಂದು ಹತ್ತಿ ಕೂತಿವೆ."

"ತುಂಟಿ!" ಎಂದು ವಗ್ದಿ ನಕ್ಕ, ಜೋರಾಗಿ. "ಓದೋಕೆ ಕರೆದ್ರೆ ಸಾಕು, ಇಲ್ಲದ ನಾಟಕ." ಸುಹೈರ್ ಮೇಡಮ್ ಮಗುವನ್ನು ಒಮ್ಮೆ, ನಾಹಿದಳನ್ನು ಒಮ್ಮೆ ನೋಡಿ ಚಹಾ ಕಲಕಿದರು.

ಬೀಗರು ಮೆಟ್ಟಿಲಿಳಿದದ್ದೇ ತಡ, ಮನೆಯಲ್ಲಿ ಶುರುವಾಯಿತು.

"ಮರ್ಯಾದೆ ತೆಗೆದಳು!"

"ಮರ್ಯಾದೆ ತೆಗೆದದ್ದು ನೀನು. ಅವಳನ್ನ ಕರೆದದ್ದು ಯಾರು?"

"ಹತ್ತು ವರ್ಷದ ಹುಡುಗಿ ಅಕ್ಕನ ಮದುವೆ ಕಾರ್ಡು ಓದಬಾರದಾ?"

"ತಪ್ಪೇನು ಹೇಳಿದೆ ನಾನು?" ಎಂದಳು ಲುಗೈನ್, ಅಳುತ್ತ. "ಹತ್ತಿ ಕೂತಿದ್ವು!"

"ಬಾಯಿ ಮುಚ್ಚು! ಒಳಗೆ ಹೋಗು!"

ಅವಳು ಹೋದಳು. ನಾಹಿದ್ ಮೀನಿನ ಮುಳ್ಳುಗಳನ್ನೆಲ್ಲ ಬಳಿದು ಚೀಲಕ್ಕೆ ತುಂಬಿದಳು. ಕಸದ ಡಬ್ಬಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿದಳು. ಮಾರನೇ ಬೆಳಿಗ್ಗೆ ವಗ್ದಿ ಕರಡಿಗೆ ಸಹಿ ಹಾಕಿ ಪ್ರೆಸ್ಸಿಗೆ ಕೊಟ್ಟ. ಕಾರ್ಡಿಗೆ ಹಾಕಿದ ಸಹಿಯನ್ನು ಶಾಲೆಯ ಅರ್ಜಿಗೆ ಹಾಕಲು ಏನು ಕಷ್ಟ ಎಂದು ಅವಳು ಅವನ ಬೆನ್ನಿಗೆ ಕೇಳಿದಳು. ಅವನು ಬಾಗಿಲು ಹಾಕಿಕೊಂಡು ಹೋದ.

*

ಕಾರ್ಡುಗಳು ಅಚ್ಚಾಗಿ ಬಂದವು. ಎರಡೂ ಮನೆಯವರು ಹಂಚಿಕೊಂಡು ಊರೂರಿಗೆ ಕಳಿಸಿದರು. ಏಪ್ರಿಲ್ ಕಡೆಯ ವಾರದಲ್ಲಿ, ಶಾಲೆಯ ಸಹಿಗೆ ಇನ್ನೊಂದೇ ದಿನ ಉಳಿದಿರುವಾಗ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನು ಬಂತು. ವಗ್ದಿ ಎತ್ತಿದ. ದಮನ್‌ಹೂರಿನ ಚಿಕ್ಕಪ್ಪ, ಅರಬ್ಬಿ ಮೇಷ್ಟರಾಗಿದ್ದು ನಿವೃತ್ತರಾದವರು. ಅವರ ಕೂಗುದನಿ ಮೇಜಿನವರೆಗೂ ಕೇಳುತ್ತಿತ್ತು.

"ಇನ್ಸಾಫ್‌ಗೆ ಕೊಡಪ್ಪ ಫೋನು," ಅಂದರು ಅವರು. ದನಿ ಒಡೆದಿತ್ತು. "ಯಾರು ನೀನು?"

"ನಾನು ವಗ್ದಿ, ಚಿಕ್ಕಪ್ಪ."

"ಯಾವ ವಗ್ದಿ?"

"ಯಾವ ವಗ್ದಿ ಅಂದ್ರೆ? ನಿಮ್ಮ ಅಣ್ಣನ ಮಗ ವಗ್ದಿ!"

"ಅಯ್ಯೋ ದೇವರೇ," ಅಂದರು ಚಿಕ್ಕಪ್ಪ. "ನೀನು ಬದುಕಿದ್ದೀಯಾ?"

"ಇನ್ನೇನು ಮತ್ತೆ!"

"ಹಾಗಾದ್ರೆ ಕಾರ್ಡಿನಲ್ಲಿ ಸತ್ತಿದ್ದೀಯಲ್ಲೋ! 'ದಿವಂಗತ ವಗ್ದಿ ಅವರ ಸುಪುತ್ರಿ' ಅಂತ ಚಿನ್ನದ ಅಕ್ಷರದಲ್ಲಿ ಹಾಕ್ಸಿದ್ದೀರ! ನಿನ್ನೆಯಿಂದ ಅಳ್ತಿದ್ದೀನಿ ನಾನು. ನಿನ್ನ ಚಿಕ್ಕಮ್ಮ ಕಪ್ಪು ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದಾಳೆ. ಹೆಣಕ್ಕೆ ಕರೀದೆ ಮದುವೆಗೆ ಕರೆದ್ರಲ್ಲ ಅಂತ ಬೈಯೋಕೆ ಫೋನು ಮಾಡಿದೆ!"

ವಗ್ದಿ ಫೋನು ಇಟ್ಟು ಉಳಿದ ಕಾರ್ಡುಗಳ ಪೆಟ್ಟಿಗೆ ತಂದ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದ, ತಿರುಗಿಸಿದ.

"ಎಲ್ಲಿದೆ? ನಂಗೇನೂ ಕಾಣಿಸ್ತಿಲ್ಲ."

ಶಾಹಿಂದಾ ಫೋನಿನಲ್ಲಿದ್ದ ಫೋಟೊ ದೊಡ್ಡದು ಮಾಡಿ ನೋಡಿದಳು. ಅವಳಿಗೂ ಕಾಣಲಿಲ್ಲ. ನಾಹಿದ್ ಕಾರ್ಡು ಕಿತ್ತುಕೊಂಡು, ಬೆರಳಿಟ್ಟು, ಒಂದೊಂದು ಅಕ್ಷರವನ್ನು ಇನ್ನೊಂದರಿಂದ ಬಿಡಿಸುತ್ತ ಹೋದಳು. ಬೆವರಿದಳು. ಸಾಲು ತಪ್ಪಿತು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಎಲ್ಲರೂ ಅವಳ ತಲೆಯ ಮೇಲೆ ಬಾಗಿದ್ದರು, 'ಬೇಗ, ಬೇಗ' ಎನ್ನುತ್ತ.

"ಇಲ್ಲಿ," ಅಂದಳು ಕೊನೆಗೆ. "ನಿನ್ನ ಹೆಸರಿನ ಹಿಂದೆ."

"ಅದಾ?" ಎಂದ ವಗ್ದಿ. "ಅದು ಹೂಬಳ್ಳಿ ಅಂದ್ಕೊಂಡಿದ್ದೆ."

ಲುಗೈನ್ ಏನೂ ಹೇಳಲಿಲ್ಲ. ರೊಟ್ಟಿಯಿಂದ ತಟ್ಟೆ ಒರೆಸಿ ತಿನ್ನುತ್ತಿದ್ದಳು. ಅವಳು ಏನಾದರೂ ಹೇಳಿದ್ದರೆ ಚೆನ್ನಾಗಿತ್ತು ಎಂದು ನಾಹಿದಳಿಗೆ ಅನಿಸಿತು.

ಪ್ರೆಸ್ಸಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಅಲ್ಲಿಯವನು ಕರಡು ಹುಡುಕಿ ಮೇಜಿನ ಮೇಲಿಟ್ಟ.

"ಇದರ ಹಿಂದಿನ ಕಾರ್ಡು ತಂದೆ ತೀರ್ಕೊಂಡಿದ್ದ ಹುಡುಗೀದು ಉಸ್ತಾಜ್. ಹೆಸರು ಬದಲಾಯಿಸುವಾಗ ಆ ಒಂದು ಪದ ಉಳ್ಕೊಂಡಿದೆ. ತಪ್ಪು ನಮ್ಮದು, ಇಲ್ಲ ಅನ್ನಲ್ಲ. ಆದ್ರೆ ನೀವೂ ನೋಡಿ ಸಹಿ ಹಾಕಿದ್ದೀರಲ್ಲ?"

"ಓದೋಕೆ ಬರೋ ಹಾಗೆ ಮಾಡ್ಬೇಕಲ್ಲಯ್ಯಾ!"

"ಓದೋಕೆ ಯಾರು ಉಸ್ತಾಜ್ ಈ ಕಾರ್ಡು ಮಾಡ್ಸೋದು? ನೋಡೋಕೆ ಮಾಡಿಸ್ತಾರೆ."

ವಗ್ದಿ ಕರಡನ್ನು ಮಗುಚಿಟ್ಟ. ಅರ್ಧ ಬೆಲೆಗೆ ಮತ್ತೆ ಅಚ್ಚು ಹಾಕಿಕೊಡುವುದೆಂದು ತೀರ್ಮಾನವಾಯಿತು. ಟ್ರಾಮಿನಲ್ಲಿ ವಾಪಸು ಬರುವಾಗ ಅವನು ಒಂದೇ ಮಾತಾಡಿದ: "ನೀನಾದ್ರೂ ನೋಡ್ಬಾರದಿತ್ತಾ? ನಿನ್ನ ಕೆಲಸವೇ ಅದು."

"ಅಂಚು ನೋಡಿದೆ," ಅಂದಳು ನಾಹಿದ್. ಅದು ಅವಳಿಗೆ ಆವತ್ತಿಡೀ ಚುಚ್ಚುತ್ತಿತ್ತು. ಹೊಸಿಲು ದಾಟುವ ಮೊದಲು ಗ್ಯಾಸು ಮೂರು ಸಲ ನೋಡುವವಳು ಅವಳು.

ಮನೆ ತಲುಪಿದಾಗ ಸುಹೈರ್ ಮೇಡಮ್ ಸೋಫಾದ ನಡುಮಧ್ಯೆ ಕೂತಿದ್ದರು. ಮಡಿಲಲ್ಲಿ ಕೈಚೀಲ. ಅತ್ತೆ ಎದುರಿಗೆ. ಶಾಹಿಂದಾ ಚಹಾ ತಟ್ಟೆ ಹಿಡಿದು ನಿಂತಿದ್ದಳು.

"ಊರಿಗೆಲ್ಲ ಹಂಚಿದ್ದೀನಿ ನಾನು!" ಎಂದು ಅವರು ಶುರು ಮಾಡಿದರು. "ನಮ್ಮ ಕಡೆಯವರು ಏನಂತಾರೆ? ಹುಡುಗಿಗೆ ತಂದೆ ಇದ್ದಾನೋ ಇಲ್ವೋ ಅನ್ನೋದೇ ಗೊತ್ತಿಲ್ಲದ ಮನೆಯಿಂದ ಹೆಣ್ಣು ತಂದೆ ಅಂತಾರೆ!"

"ಹಂಚೋ ಮೊದ್ಲು ಓದಿದ್ರಾ?" ಎಂದಳು ನಾಹಿದ್. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

"ನನ್ನ ಹತ್ರ ಕನ್ನಡಕ ಇರ್ಲಿಲ್ಲ."

"ಹೆರಿಂಗಿನ ಮುಳ್ಳು ತೆಗೆಯುವಾಗ ಇತ್ತು," ಅಂದರು ಅತ್ತೆ.

"ಅಮ್ಮಾ!" ಎಂದ ವಗ್ದಿ.

"ನಾನು ಓದಲ್ಲ. ನನಗೆ ಬರಲ್ಲ ಅಂತ ಊರಿಗೇ ಗೊತ್ತು. ನಿಮಗೆಲ್ಲ ಏನಾಗಿತ್ತು?"

ನಾಹಿದ್ ಸುಹೈರ್ ಮೇಡಮ್ಮಿನ ಎದುರಿಗೆ ಬಂದು ನಿಂತಳು. ವಾರಗಟ್ಟಲೆ ಅಳೆದು ಸುರಿದು ಆಡಿದ ಮಾತುಗಳೆಲ್ಲ ವ್ಯರ್ಥವಾಗಿದ್ದವು. ಈಗ ಅಳೆಯದೆ ಆಡಿದಳು.

"ಆವತ್ತು ಈ ಮನೇಲಿ ಓದೋಕಾಗಲ್ಲ ಅಂತ ಹೇಳಿದ್ದು ಒಬ್ಬಳೇ. ಅವಳಿಗೆ ಬಾಯಿ ಮುಚ್ಚು ಅಂದ್ರು. ಕೇಳಿ ಸುಹೈರ್ ಮೇಡಮ್, ನನ್ನ ಚಿಕ್ಕ ಮಗಳಿಗೆ ಓದಿನ ತೊಡಕಿದೆ. ಒತ್ತಿ ಕೂತ ಅಕ್ಷರ ಅವಳಿಗೆ ಆಗಲ್ಲ. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಬೇಕು. ನಾಳೆ ಕೊನೇ ದಿನ. ನಿಮ್ಮ ಕಿವಿಗೆ ಬೀಳುತ್ತೆ ಅಂತ ಅವರಪ್ಪ ಸಹಿ ಹಾಕ್ತಿಲ್ಲ. ಈಗ ಬಿತ್ತಲ್ಲ? ಆಯ್ತು!"

ಸುಹೈರ್ ಮೇಡಮ್ ಕೈಚೀಲದ ಕೊಂಡಿಯನ್ನು ತೆಗೆದು ಹಾಕಿ ಮಾಡಿದರು.

"ಅದು... ವಂಶದಲ್ಲಿ ಬರೋದಾ?" ಎಂದು ಕೇಳಿದರು. "ನಾಳೆ ಮಕ್ಕಳಾದ್ರೆ..."

ನಾಹಿದ್ ಉತ್ತರ ಹುಡುಕುವಷ್ಟರಲ್ಲಿ ಶಾಹಿಂದಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಲೋಟಗಳು ಗಲಗಲ ಎಂದವು.

"ಬಂದ್ರೆ ಬರುತ್ತೆ ತಾಂತ್. ಬಂದ್ರೆ ನಾನು ದೊಡ್ಡ ಅಕ್ಷರದಲ್ಲಿ ಓದಿಸ್ತೀನಿ. ಈಗ ಹೇಳಿಬಿಡಿ, ಬದಲಾಯಿಸಬೇಕಾದ್ದು ಕಾರ್ಡೋ, ಹುಡುಗಿಯೋ?"

ನಾಹಿದ್ ಮಗಳನ್ನು ನೋಡಿದಳು.

ಸುಹೈರ್ ಮೇಡಮ್ ಒಂದು ಲೋಟ ಎತ್ತಿಕೊಂಡು ಗುಟುಕರಿಸಿದರು. ಸಕ್ಕರೆ ಕಮ್ಮಿ ಅಂದರು. ಆಮೇಲೆ, ಯಾರ ಮುಖವನ್ನೂ ನೋಡದೆ, "ಹಾಲ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ, ಅವರು ವಾಪಸು ಕೊಡಲ್ಲ," ಅಂದರು. "ಕಾರ್ಡನ್ನ ಮನುಷ್ಯರು ಓದೋ ಅಕ್ಷರದಲ್ಲಿ ಮಾಡ್ಸಿ. ನಮ್ಮಣ್ಣನಿಗೂ ಕಣ್ಣು ಸಾಲದು."

*

ಮಾರನೇ ಬೆಳಿಗ್ಗೆ ವಗ್ದಿ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ. ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡು, ಕಾಲರು ಸುಟ್ಟು, ಬೈದುಕೊಂಡು, ಬೇರೆ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ. "ಇನ್ನೂ ಎಷ್ಟು ಹೊತ್ತು ಶಾಹಿಂದಾಳಮ್ಮ? ಆಫೀಸಿಗೆ ರಜೆ ಹಾಕಿಲ್ಲ ನಾನು."

ಶಾಲೆಯ ಆಫೀಸಿನಲ್ಲಿ ಸುಹೈರ್ ಮೇಡಮ್ಮಿನ ತಂಗಿ ಅವನನ್ನು ಕಂಡು ಅರ್ಧ ಎದ್ದು ನಿಂತಳು. ಅವಳ ಮೇಜಿನ ಗಾಜಿನ ಕೆಳಗೆ ಆ ಕಾರ್ಡು ಇತ್ತು. ದಿವಂಗತನ ಸುದ್ದಿ ಅವಳಿಗೂ ತಲುಪಿತ್ತು, ಬದುಕಿರುವ ಸುದ್ದಿ ತಲುಪಿರಲಿಲ್ಲ.

"ನೀವು... ನಿಮ್ಮನ್ನ..."

"ಹೌದಮ್ಮ, ನಾನೇ. ಇನ್ನೂ ಇದ್ದೀನಿ," ಎಂದ ವಗ್ದಿ. ಆಫೀಸಿನಲ್ಲಿ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. "ನನ್ನ ಮಗಳಿಗೆ ಸಣ್ಣಕ್ಷರ ಓದೋಕಾಗಲ್ಲ. ಎಲ್ಲಿ ಹಾಕ್ಬೇಕು ಸಹಿ?"

ಸಹಿ ಹಾಕುವ ಮೊದಲು ಅವನು ಅರ್ಜಿಯನ್ನು ಮೇಲಿನಿಂದ ಕೆಳಗಿನವರೆಗೆ ತುಟಿಯಾಡಿಸುತ್ತ ಓದಿದ. ಹಿಂದೆ ನಿಂತಿದ್ದವರು ಗೊಣಗಿದರು. ಅವನು ಮತ್ತೊಂದು ಸಲ ಓದಿದ.

ಹೊಸ ಕಾರ್ಡನ್ನು ರಘ್ದಾಳ ಅಕ್ಷರದಲ್ಲಿ ನಾಹಿದ್ ತಾನೇ ಜೋಡಿಸಿದಳು. "ಒಂದನೇ ಕ್ಲಾಸಿನ ಪುಸ್ತಕದ ಹಾಗಿದೆ," ಎಂದು ವಗ್ದಿ ಮೂಗು ಮುರಿದ. ಆದರೆ ಮನೆಗೆ ಬಂದವರಿಗೆಲ್ಲ ತಂದು ತೋರಿಸಿದ, ತನ್ನ ಹೆಸರಿನ ಮೇಲೆ ಬೆರಳಿಟ್ಟು.

ಅರಬ್ಬಿ ಪರೀಕ್ಷೆಯ ದಿನ ನಾಹಿದ್ ರಜೆ ಹಾಕಿದಳು. ಸೊಪ್ಪು ಬಿಡಿಸಿದಳು, ತೊಳೆದಳು, ಒಣಗಿಸಿದಳು, ಕೊಚ್ಚಿದಳು. ಗಡಿಯಾರ ಮುಂದಕ್ಕೆ ಹೋಗಲೊಲ್ಲದು. ಬೇರೆ ಮಕ್ಕಳೆಲ್ಲ ಬೀದಿಯಲ್ಲಿ ಗಲಾಟೆ ಮಾಡುತ್ತ ಮನೆಗೆ ಹೋದ ಮೇಲೆ, ತಡವಾಗಿ, ಲುಗೈನ್ ಬಂದಳು. ಚೀಲ ಎಸೆದು ಅಡಿಗೆಮನೆಗೆ ಬಂದು ಒಂದು ರೊಟ್ಟಿ ಹರಿದು ಬಾಯಿಗೆ ತುರುಕಿಕೊಂಡಳು.

"ಹೇಗಾಯ್ತು?" ಎಂದಳು ನಾಹಿದ್, ಬಾಣಲೆಯಿಂದ ಕಣ್ಣು ತೆಗೆಯದೆ. ಬೆಳ್ಳುಳ್ಳಿ ಕೆಂಪಾಗುತ್ತಿತ್ತು.

"ರಘ್ದಾಕ್ಕನ ಅಕ್ಷರ ಅಲ್ಲ. ಅದೇ ಅಕ್ಷರನ ಹಿಗ್ಗಿಸಿ ಕಾಪಿ ಮಾಡಿದ್ರು. ಪತ್ರಿಕೆ ಎಷ್ಟು ದೊಡ್ಡದಿತ್ತು ಅಂದ್ರೆ ಪಕ್ಕದವಳ ಬೆಂಚಿನ ಮೇಲೆ ಹೋಗ್ತಿತ್ತು. ಅವಳು ಬೈದ್ಲು."

"ಒಂದು ಕೆಲಸ ನೆಟ್ಟಗೆ ಮಾಡಲ್ವಲ್ಲ ಈ ಜನ! ನಾನು ಅಷ್ಟು ಹೇಳಿ ಬಂದಿದ್ದೆ. ಬರೆದ್ಯಾ?"

"ಬರೆದೆ. ವ್ಯಾಕರಣ ತಪ್ಪಾಗಿರ್ಬೇಕು."

"ಎಷ್ಟು ತಪ್ಪು?"

"ಗೊತ್ತಿಲ್ಲ." ಲುಗೈನ್ ರೊಟ್ಟಿ ಅಗಿದಳು. "ಅಮ್ಮ, ಈ ಸಲ ಕೊನೇ ಪ್ರಶ್ನೆವರೆಗೂ ಹೋದೆ, ಎಷ್ಟು ಸುಲಭ ಇತ್ತು ಗೊತ್ತಾ? ನಿಮ್ಮ ಮನೆ ಬಗ್ಗೆ ಎರಡು ಸಾಲು ಬರೀರಿ ಅಂತ. ಅಷ್ಟೇ. ಕೊನೇ ಪ್ರಶ್ನೆ ಯಾವಾಗ್ಲೂ ಅಷ್ಟು ಸುಲಭ ಇರುತ್ತಾ?"

ನಾಹಿದಳ ಕೈಯಲ್ಲಿದ್ದ ಬಾಣಲೆ ವಾಲಿತು. ಒಗ್ಗರಣೆ ಚೊಂಯ್ ಎಂದು ಸೊಪ್ಪಿನ ಮೇಲೆ ಬಿತ್ತು. ಅವಳ ಗಂಟಲಿನಿಂದ, ತಡೆಯುವ ಮೊದಲೇ, 'ಹಾ' ಎಂದು ಉಸಿರು ಒಳಕ್ಕೆ ಹೋಯಿತು.

ಕೋಣೆಯಿಂದ ಅತ್ತೆ ಕೂಗಿದರು: "ಎಳೆದ್ಯಾ?"